ಬರೆಯುವ ಕ್ರೈಸ್ತರಿಗೆ ಜೊತೆ ಎಲ್ಲಿ ಸಿಗುತ್ತೆ? ನಿಮ್ಮ ಅನುಭವ ಹೇಳಿ

ಕೇಳಿದವರು: ಶಿವಮೊಗ್ಗದ ನರ್ಸ್

ಎಲ್ಲರಿಗೂ ವಂದನೆಗಳು. ಹತ್ತು ವರ್ಷದಿಂದ ಡೈರಿಯಲ್ಲಿ ಸಣ್ಣ ಸಣ್ಣ ಧ್ಯಾನಗಳು, ಪದ್ಯಗಳು ಬರೆಯುತ್ತಾ ಬಂದಿದ್ದೇನೆ. ನೈಟ್ ಡ್ಯೂಟಿಯಲ್ಲಿ ವಾರ್ಡ್ ಸ್ವಲ್ಪ ಶಾಂತವಾದ ಮೇಲೆ ಬರೆಯುವುದು. ಚರ್ಚಿನಲ್ಲಿ ತೋರಿಸಿದರೆ 'ತುಂಬಾ ಚೆನ್ನಾಗಿದೆ ಸಿಸ್ಟರ್, ದೇವರು ಆಶೀರ್ವದಿಸಲಿ' ಅಂತಾರೆ. ಅಷ್ಟೇ. ಒಂದು ಪತ್ರಿಕೆಗೆ ಮೂರು ಸಲ ಕಳಿಸಿದೆ, ಉತ್ತರ ಬರಲಿಲ್ಲ. ಮನೆಯಲ್ಲಿ ಓದುವವರಿಲ್ಲ. ಈಚೆಗೆ ಬರೆಯಲು ಕೂತರೆ ಯಾರಿಗಾಗಿ ಅನ್ನಿಸುತ್ತದೆ. ನಮ್ಮ ನಂಬಿಕೆಯೂ ಗೊತ್ತಿರುವ, ಬರವಣಿಗೆಯೂ ಗೊತ್ತಿರುವ ಜನರ ಜೊತೆ ಹೇಗೆ ಸಿಗುತ್ತದೆ? ನಿಮಗೆ ಸಿಕ್ಕಿದ್ದರೆ, ಅದರಿಂದ ಬರಹ ನಿಜವಾಗಿ ಬೆಳೆಯಿತಾ? ಯಾರಾದರೂ ತಪ್ಪು ತೋರಿಸಿದರೆ ಹೇಗೆ ತಡೆದುಕೊಂಡಿರಿ?

ಧಾರವಾಡದ ನಿವೃತ್ತ ಶಿಕ್ಷಕಿ

ತಂಗಿ, ನಾನೂ ಹೀಗೇ ಇದ್ದೆ. ಕ್ರಿಸ್ಮಸ್ ನಾಟಕ, ಮಹಿಳಾ ಕೂಟದ ವರದಿ, ಯಾರಾದರೂ ತೀರಿಕೊಂಡರೆ ಅವರ ಜೀವನ ಚರಿತ್ರೆ, ಎಲ್ಲವನ್ನೂ ನಮ್ಮ ಸಭೆಯಲ್ಲಿ ನನ್ನ ಕೈಯಲ್ಲೇ ಬರೆಸುತ್ತಿದ್ದರು. ಎಲ್ಲರೂ ಹೊಗಳುತ್ತಿದ್ದರು. ಇಪ್ಪತ್ತು ವರ್ಷ ಒಂದೇ ಥರ ಬರೆದೆ.

ಆಮೇಲೆ ನಾವು ನಾಲ್ಕು ಜನ ಕೂಡಿದೆವು. ನಾನು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಬಟ್ಟೆ ಹೊಲಿಯುವ ಒಬ್ಬ ಅಕ್ಕ, ಬಿ.ಎ. ಓದುವ ಒಬ್ಬ ಹುಡುಗಿ. ತಿಂಗಳ ಎರಡನೇ ಶನಿವಾರ ಸಂಜೆ ನಾಲ್ಕಕ್ಕೆ ನಮ್ಮ ಪಡಸಾಲೆಯಲ್ಲಿ. ಏಳು ವರ್ಷ ಆಯಿತು. ಮೊದಲು ಚಿಕ್ಕ ಪ್ರಾರ್ಥನೆ. ಆಮೇಲೆ ಬರೆದವರು ತಮ್ಮದನ್ನು ತಾವು ಓದುವುದಿಲ್ಲ, ಪಕ್ಕದವರು ಗಟ್ಟಿಯಾಗಿ ಓದುತ್ತಾರೆ. ಬರೆದವರು ಸುಮ್ನೆ ಕೂತು ಕೇಳಬೇಕು. ಓದುವವರ ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ಪೆನ್ಸಿಲ್ ಗುರುತು. ನಾನು ಅಂದುಕೊಂಡದ್ದು ಇದು, ನಿಮಗೆ ಅರ್ಥ ಆಗಲಿಲ್ಲ ಅಂತ ವಾದ ಮಾಡುವ ಹಾಗಿಲ್ಲ. ಈ ಒಂದು ಪದ್ಧತಿಯಿಂದ ಕಲಿತಷ್ಟು ನಾನು ಬೇರೆ ಎಲ್ಲೂ ಕಲಿತಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಅಜ್ಜಿ ತೀರಿಕೊಂಡದ್ದರ ಬಗ್ಗೆ ಬರೆದಿದ್ದೆ. 'ಕರ್ತನು ತನ್ನ ದಾಸಿಯನ್ನು ಮಹಿಮೆಯ ಸನ್ನಿಧಿಗೆ ಕರೆದುಕೊಂಡನು' ಅಂತ ಶುರು. ಹೊಲಿಗೆ ಅಕ್ಕ ಅಷ್ಟು ಓದಿ ನಿಲ್ಲಿಸಿದಳು. 'ಇದನ್ನು ನಾವು ಎಲ್ಲರಿಗೂ ಬರೀತೀವಿ, ಅಲ್ವಾ? ನಿಮ್ಮ ಅಜ್ಜಿ ಹೋದ ದಿನ ಮನೆಯಲ್ಲಿ ಏನಿತ್ತು?' ಅಂದಳು. ನನಗೆ ಸಿಟ್ಟು ಬಂತು. ಸತ್ಯವೇದದ ಮಾತನ್ನೇ ಬೇಡ ಅಂತಿದ್ದಾಳೆ ಅನ್ನಿಸಿತು. ಎಲ್ಲರೂ ಹೋದ ಮೇಲೆ ರಾತ್ರಿ ಕೂತು ನೆನೆಸಿಕೊಂಡೆ. ಡಿಸೆಂಬರ್ ಮೂರನೇ ವಾರ. ಅಜ್ಜಿ ಕರ್ಜಿಕಾಯಿಗೆ ಕೊಬ್ಬರಿ ತುರಿದು, ಗಸಗಸೆ ಹುರಿದು ಡಬ್ಬಿಯಲ್ಲಿ ಇಟ್ಟಿದ್ದಳು. ಹಿಟ್ಟು ಕಲಸಿರಲಿಲ್ಲ. ಸಾವಾದ ಮನೆಯಲ್ಲಿ ಕರಿಯಬಾರದು ಅಂತ ಎದುರು ಮನೆಯ ಅವ್ವ ಆ ಡಬ್ಬಿಯನ್ನು ತಮ್ಮ ಮನೆಗೆ ಒಯ್ದರು. ಹಬ್ಬದ ಹಿಂದಿನ ಸಂಜೆ ಕರ್ಜಿಕಾಯಿ ಕರಿದು, ಅದೇ ಡಬ್ಬಿ ತುಂಬಿ ತಂದುಕೊಟ್ಟರು. ನಾನು ಅದನ್ನಷ್ಟೇ ಬರೆದೆ. ಮುಂದಿನ ತಿಂಗಳು ಬ್ಯಾಂಕಿನವರು ಓದುತ್ತಾ ಓದುತ್ತಾ ಗಂಟಲು ಕಟ್ಟಿ ಹಾಳೆಯನ್ನು ಹುಡುಗಿಯ ಕೈಗೆ ಕೊಟ್ಟರು.

ಬೈಬಲ್ಲಿನ ಭಾಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ನಮ್ಮ ತಾಯಿಯ ಸೆರಗು. ಆದರೆ ನಾವು ಕಂಡದ್ದನ್ನು ಅದರಡಿ ಮುಚ್ಚಿಡಬಾರದು. ನಮ್ಮ ಧಾರವಾಡದಲ್ಲೇ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಸಭಾಪಾಲಕರು. ಸರ್ವಜ್ಞನ ವಚನಗಳನ್ನು ಜನರ ಬಾಯಿಂದ ಕೇಳಿ ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದವರು ಅವರೇ. 1949ರಲ್ಲಿ ಗುಲ್ಬರ್ಗದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಒಬ್ಬ ಅಯ್ಯನವರು ಊರ ಜನರ ಮಾತಿಗೆ ಅಷ್ಟು ಕಿವಿ ಕೊಟ್ಟಿದ್ದರು ಅನ್ನುವುದು ನಮ್ಮ ಕೂಟಕ್ಕೆ ದೊಡ್ಡ ಧೈರ್ಯ. ನಾವೂ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಸಂತೆಯಲ್ಲಿ, ಬಸ್ಸಿನಲ್ಲಿ, ಸಾವಿನ ಮನೆಯಲ್ಲಿ ಕೇಳಿದ ಒಳ್ಳೆ ಮಾತು ಬರೆದಿಡುವುದಕ್ಕೆ.

ತಡೆದುಕೊಳ್ಳುವುದು ಹೇಗೆ ಅಂದಿರಿ. ಆ ದಿನ ಏನೂ ಉತ್ತರ ಕೊಡಬೇಡಿ. ಒಂದು ರಾತ್ರಿ ಮಲಗಿ ಎದ್ದ ಮೇಲೆ ಮತ್ತೆ ಓದಿ.

ಬೆಂಗಳೂರಿನ ಯುವಕ

ನನ್ನ ಅನುಭವ ಸ್ವಲ್ಪ ಬೇರೆ. ನಾನು ಮೊದಲು ಸೇರಿದ್ದು ನೂರೆಂಬತ್ತು ಜನರ ವಾಟ್ಸಾಪ್ ಗುಂಪಿಗೆ. ಕ್ರೈಸ್ತ ಬರಹಗಾರರ ಗುಂಪು ಅಂತ ಹೆಸರು. ಏನು ಹಾಕಿದರೂ ಕೈ ಮುಗಿಯುವ ಚಿತ್ರ, 'ಆಮೆನ್ ಬ್ರದರ್'. ಬೆಳಿಗ್ಗೆ ಖುಷಿ, ಸಂಜೆ ಖಾಲಿ. ಯಾರೂ ಪೂರ್ತಿ ಓದಿರುತ್ತಿರಲಿಲ್ಲ.

ಆ ಗುಂಪಿನಲ್ಲೇ ಒಬ್ಬರು ನನ್ನ ಕಥೆ ಓದಿ ಖಾಸಗಿಯಾಗಿ ಬರೆದರು: 'ನಿಮ್ಮ ಹುಡುಗ ಎರಡನೇ ಪುಟದಲ್ಲಿ ಕ್ಷಮಿಸಿಬಿಟ್ಟ. ನನಗೆ ಅಪ್ಪನನ್ನು ಕ್ಷಮಿಸಲು ಒಂಬತ್ತು ವರ್ಷ ಬೇಕಾಯಿತು.' ಆ ಎರಡು ಸಾಲು ನನ್ನನ್ನು ಎಬ್ಬಿಸಿ ಕೂರಿಸಿದವು. ನಾನು ನಂಬಿಕೆಯ ಹೆಸರಿನಲ್ಲಿ ಕಷ್ಟವನ್ನು ಹಾರಿಸಿಬಿಡುತ್ತಿದ್ದೆ. ಈಗ ಅವರೂ ಸೇರಿ ನಾವು ಐದು ಜನ. ಭಾನುವಾರ ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಸೇರುತ್ತೇವೆ. ದೊಡ್ಡ ಗುಂಪು ಬಿಡಬೇಡಿ, ಆದರೆ ಅಲ್ಲಿ ನಿಜವಾಗಿ ಓದುವ ಒಬ್ಬರನ್ನು ಹುಡುಕಿ.

ಇನ್ನೊಂದು ಎಚ್ಚರಿಕೆ. ಹುಮ್ಮಸ್ಸಿನಲ್ಲಿ ಬೇಗ ಪುಸ್ತಕ ಮಾಡಿಸಲು ಹೋಗಬೇಡಿ. ಮಾರಿಕೊಡುತ್ತೇವೆ ಅಂತ ಹೇಳಿ ಒಬ್ಬರು ನನ್ನ ಹತ್ತಿರ ದುಡ್ಡು ತೆಗೆದುಕೊಂಡು ಐನೂರು ಪ್ರತಿ ಅಚ್ಚು ಹಾಕಿಸಿದರು. ಬಾಕ್ಸುಗಳನ್ನು ಮನೆ ಬಾಗಿಲಿಗೆ ಇಳಿಸಿ ಹೋದವರು ಮತ್ತೆ ಫೋನ್ ಎತ್ತಲಿಲ್ಲ. ಯಾರು ಪ್ರೂಫ್ ನೋಡುತ್ತಾರೆ, ಯಾರು ಮಾರುತ್ತಾರೆ, ಉಳಿದ ಪ್ರತಿ ಯಾರದು ಅಂತ ಬರವಣಿಗೆಯಲ್ಲಿ ಮಾಡಿಕೊಳ್ಳದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಾಸನ ಕಡೆಯ ಸಭಾಪಾಲಕ

ಸಹೋದರಿ, 'ಚೆನ್ನಾಗಿದೆ, ದೇವರು ಆಶೀರ್ವದಿಸಲಿ' ಅನ್ನುವವರಲ್ಲಿ ನಾನೂ ಒಬ್ಬ. ಆರಾಧನೆ ಮುಗಿದು ಬಾಗಿಲ ಬಳಿ ನಿಂತಿರುವಾಗ ಯಾರೋ ಇಪ್ಪತ್ತು ಪುಟ ಕೈಗಿಡುತ್ತಾರೆ. ಓದಲು ಪುರುಸೊತ್ತು ಇರುವುದಿಲ್ಲ, ನೋಯಿಸಲು ಮನಸ್ಸೂ ಇರುವುದಿಲ್ಲ. ಅದು ಅವರಿಗೆ ಮಾಡಿದ ಉಪಕಾರ ಅಲ್ಲ ಅಂತ ತಡವಾಗಿ ಗೊತ್ತಾಯಿತು.

ಈಗ ಹೀಗೆ ಕೇಳಿಕೊಳ್ಳುತ್ತೇನೆ: ಒಂದೇ ಪುಟ ಕೊಡಿ, ಜೊತೆಗೆ ಒಂದು ಪ್ರಶ್ನೆ ಬರೆದು ಕೊಡಿ. 'ಹೇಗಿದೆ' ಅಂತ ಬೇಡ. 'ಕೊನೆಯ ಪ್ಯಾರಾ ಬೇಕಾ?' 'ತಾಯಿಯ ಮಾತು ನಿಜ ಅನ್ನಿಸುತ್ತಾ?' ಅಂಥದ್ದು. ಪ್ರಶ್ನೆ ಇದ್ದರೆ ಓದುವವನಿಗೂ ಬಾಯಿ ಬರುತ್ತದೆ.

ಬರೆದದ್ದನ್ನು ಮತ್ತೆ ಬರೆಯುವುದು ಬೇಜಾರು ಅನ್ನಿಸಿದಾಗ ಯೆರೆಮೀಯ 36 ಓದಿ. ಯೆರೆಮೀಯ ಹೇಳಿ ಬಾರೂಕ ಬರೆದ ಸುರುಳಿಯನ್ನು ಅರಸ ಚಾಕುವಿನಿಂದ ಕತ್ತರಿಸಿ ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಅವರು ಮತ್ತೊಂದು ಸುರುಳಿ ತೆಗೆದುಕೊಳ್ಳುತ್ತಾರೆ. ಎರಡನೆಯದು ಮೊದಲಿನದಕ್ಕಿಂತ ದೊಡ್ಡದಾಗುತ್ತದೆ.

ಮಂಗಳೂರಿನಿಂದ, ಕೊಂಕಣಿ ಬರಹಗಾರ

ನಾನು ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯುವವನು. ನಮ್ಮ ಮನೆಯಲ್ಲಿ ಸಂಜೆ ತೆರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿದ ಮೇಲೆ ಅಪ್ಪ 'ರಾಕ್ಣೊ' ವಾರಪತ್ರಿಕೆ ಗಟ್ಟಿಯಾಗಿ ಓದುತ್ತಿದ್ದರು. 1938ರಲ್ಲಿ ಶುರುವಾದ ಪತ್ರಿಕೆ ಅದು. ನಮ್ಮ ಕಡೆ ಎಷ್ಟೋ ಜನ ಬರೆಯಲು ಕಲಿತದ್ದು ಹೀಗೆ ವಾರವಾರ ಓದಿ, ಓದುಗರ ಪತ್ರ ಬರೆದು. ಮೊದಲು ಪತ್ರ, ಆಮೇಲೆ ಚುಟುಕ, ಆಮೇಲೆ ಕಥೆ.

ಪತ್ರಿಕೆಯಿಂದ ಉತ್ತರ ಬಂದಿಲ್ಲ ಅಂತ ನೊಂದುಕೊಳ್ಳಬೇಡಿ. ಚಿಕ್ಕ ಪತ್ರಿಕೆಗಳಲ್ಲಿ ಹೆಚ್ಚಿನ ಸಲ ಒಬ್ಬ ಫಾದರ್, ಒಬ್ಬ ಸಹಾಯಕ, ಅಷ್ಟೇ ಇರುವುದು. ಒಂದು ತಿಂಗಳು ಬಿಟ್ಟು ಫೋನ್ ಮಾಡಿ, ಯಾವ ಅಂಕಣಕ್ಕೆ ಎಷ್ಟು ಉದ್ದ ಬೇಕು ಅಂತ ಕೇಳಿ. ಕ್ರಿಸ್ಮಸ್ ಬರಹವನ್ನು ಡಿಸೆಂಬರಿನಲ್ಲಿ ಕಳಿಸಿದರೆ ತಡವಾಯಿತು. ಅಕ್ಟೋಬರಿನಲ್ಲೇ ಕಳಿಸಿ. ಮನೆಮಾತು ಬೇರೆ ಇದ್ದರೆ ಅದರಲ್ಲೂ ಬರೆಯಿರಿ. ನನ್ನ ಪ್ರಾರ್ಥನೆ ಕೊಂಕಣಿಯಲ್ಲೇ ಬರುವುದು. ಅದನ್ನು ಕನ್ನಡದಲ್ಲಿ ಬರೆದಾಗಲೆಲ್ಲ ಸ್ವಲ್ಪ ಬಿಗಿಯಾಗುತ್ತಿತ್ತು.

ಮೈಸೂರಿನಲ್ಲಿ ಗಾಯನ ವೃಂದ ನಡೆಸುವವರು

ನೀವು ಪದ್ಯ ಬರೆಯುತ್ತೀರಿ ಅಂದಿರಿ, ಅದಕ್ಕೆ ಹೇಳುತ್ತಿದ್ದೇನೆ. ಹಾಡುವವರಿಗಿಂತ ಒಳ್ಳೆ ವಿಮರ್ಶಕರು ಇಲ್ಲ. ಒಂದು ಗೀತೆಯಲ್ಲಿ 'ನಿನ್ನ ಅಪರಿಮಿತ ಕೃಪಾಸಾಗರ' ಅಂತ ಬರೆದಿದ್ದೆ. ಕಾಗದದ ಮೇಲೆ ಗಂಭೀರವಾಗಿತ್ತು. ಅಭ್ಯಾಸಕ್ಕೆ ಕೂತಾಗ ಹಿಂದಿನ ಸಾಲಿನ ಒಬ್ಬ ಹಿರಿಯಮ್ಮ ಎರಡು ಸಲ ಹಾಡಿ ನಿಲ್ಲಿಸಿದರು. 'ಅಣ್ಣಾ, ಇಲ್ಲಿ ಉಸಿರು ಸಿಗಲ್ಲ.' ಅಲ್ಲೇ ಕೂತು 'ನಿನ್ನ ಕೃಪೆಗೆ ದಡವೇ ಇಲ್ಲ' ಅಂತ ಮಾಡಿದೆ. ಆಕೆ ಕಣ್ಣು ಮುಚ್ಚಿಕೊಂಡು ಹಾಡಿದರು. ಈಗ ಯಾವ ಗೀತೆಯನ್ನೂ ಅವರ ಬಾಯಲ್ಲಿ ಕೇಳದೆ ಮುಗಿಯಿತು ಅನ್ನುವುದಿಲ್ಲ.

ಛಂದಸ್ಸು ಕಲಿಯಲು ಹಿಂಜರಿಯಬೇಡಿ. ಕಿಟ್ಟೆಲ್ ಅಂದರೆ ಎಲ್ಲರಿಗೂ 1894ರ ನಿಘಂಟು ನೆನಪಾಗುತ್ತದೆ. ಅದಕ್ಕೂ ಮೂರು ದಶಕ ಮೊದಲು, 1862ರಲ್ಲಿ, ಅವರು ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ 'ಕಥಾಮಾಲೆ' ಅಂತ ಬರೆದಿದ್ದರು. ಜರ್ಮನಿಯಿಂದ ಬಂದವರು ನಮ್ಮ ಪಂಡಿತರ ಹತ್ತಿರ ಕೂತು ಕಲಿತು ಬರೆದರು. ನಮಗೆ ಕಲಿಸುವವರು ಪಕ್ಕದ ಬೀದಿಯಲ್ಲೇ ಇದ್ದಾರೆ. ನಾನು ಷಟ್ಪದಿಯ ಮಾತ್ರೆ ಲೆಕ್ಕ ಕಲಿತದ್ದು ಗಮಕ ಹೇಳುವ ಒಬ್ಬ ಮೇಷ್ಟ್ರಿಂದ. ಅವರು ನಮ್ಮ ಗೀತೆಗಳನ್ನು ತುಂಬಾ ಪ್ರೀತಿಯಿಂದ ತಿದ್ದಿಕೊಟ್ಟರು.

ಸಾಗರದಿಂದ ಒಬ್ಬ ಓದುಗ

ಈ ಕೊನೆಯ ಮಾತನ್ನೇ ನಾನೂ ಹೇಳಬೇಕು ಅಂತಿದ್ದೆ. ಕ್ರೈಸ್ತರ ಕೂಟ ಬೇಕು, ಆದರೆ ಅದೊಂದೇ ಸಾಲದು. ನೀವು ಇರುವುದು ಕಾದಂಬರಿಕಾರ ನಾ. ಡಿಸೋಜರ ಜಿಲ್ಲೆಯಲ್ಲಿ. ಶರಾವತಿ ಯೋಜನೆಯ ಕಾಲದಲ್ಲಿ ಸರ್ಕಾರಿ ಕೆಲಸದಲ್ಲಿದ್ದವರು. ಮುಳುಗಿದ ಊರುಗಳನ್ನು, ಎದ್ದು ಹೋದ ಜನರನ್ನು ಹತ್ತಿರದಿಂದ ನೋಡಿ ಬರೆದರು. 2014ರಲ್ಲಿ ಮಡಿಕೇರಿಯ 80ನೇ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2025ರ ಜನವರಿಯಲ್ಲಿ ಅವರು ಹೋದಾಗ ಸಾಗರದಲ್ಲಿ ಎಲ್ಲ ಜಾತಿ ಧರ್ಮದವರೂ ತಮ್ಮ ಮನೆಯವರೇ ಹೋದರು ಅಂತ ಅತ್ತರು. ಶಿವಮೊಗ್ಗದ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಒಮ್ಮೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬನ್ನಿ.

ನಿಮ್ಮ ವಾರ್ಡೇ ನಿಮ್ಮ ಶರಾವತಿ ಅಂತ ನನಗೆ ಅನ್ನಿಸುತ್ತದೆ. ಒಂದು ಮಾತ್ರ ನೆನಪಿಡಿ. ರೋಗಿಗಳ ಹೆಸರು, ಊರು, ಕಾಯಿಲೆ ಗುರುತು ಸಿಗದ ಹಾಗೆ ಬದಲಾಯಿಸಿ. ಅವರು ನಿಮ್ಮನ್ನು ನಂಬಿ ಮಲಗಿದ್ದವರು.

ಕೇಳಿದವರು: ಶಿವಮೊಗ್ಗದ ನರ್ಸ್

ಎಲ್ಲರಿಗೂ ಮನಸಾರೆ ವಂದನೆಗಳು. ನಿನ್ನೆ ರಾತ್ರಿ ಪಾಳಿಯಲ್ಲಿ ಎಲ್ಲವನ್ನೂ ಎರಡೆರಡು ಸಲ ಓದಿದೆ. ನಮ್ಮ ಸಂಡೇ ಸ್ಕೂಲ್ ಟೀಚರ್, ಅವರ ಅತ್ತಿಗೆ ಇಬ್ಬರೂ ಬರುತ್ತೇವೆ ಅಂದಿದ್ದಾರೆ. ಬರುವ ಶನಿವಾರ, ನನಗೆ ರಜೆ ಇದೆ. ಒಂದೇ ಪುಟ ಇಟ್ಟುಕೊಂಡಿದ್ದೇನೆ. ರಾತ್ರಿ ಮೂರು ಗಂಟೆಗೆ ಎದ್ದು ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುತ್ತಿದ್ದ ಒಬ್ಬ ಅಜ್ಜನ ಬಗ್ಗೆ. ಊರು, ಹೆಸರು ಬದಲಾಯಿಸಿದ್ದೇನೆ. ಕೆಳಗೆ ಪ್ರಶ್ನೆ ಬರೆದಿದ್ದೇನೆ: 'ಅಜ್ಜನ ದನಿ ನಿಮಗೆ ಕೇಳಿಸಿತಾ?' ಧಾರವಾಡದ ಅಕ್ಕ, ಗುರುತು ಹಾಕಿದ ಹಾಳೆಗಳನ್ನು ನೀವು ಇಟ್ಟುಕೊಳ್ಳುತ್ತೀರಾ, ತಿದ್ದಿದ ಮೇಲೆ ಹರಿದು ಹಾಕುತ್ತೀರಾ?

ಧಾರವಾಡದ ನಿವೃತ್ತ ಶಿಕ್ಷಕಿ

ಎಲ್ಲವನ್ನೂ ಇಟ್ಟಿದ್ದೇನೆ ತಂಗಿ, ಮೇಲೆ ತಾರೀಖು ಹಾಕಿ. ಶನಿವಾರ ನಿಮ್ಮ ಪುಟವನ್ನು ಅತ್ತಿಗೆಯ ಕೈಗೆ ಕೊಡಿ. ಟೀಚರಿಗೆ ನಿಮ್ಮ ದನಿ ಈಗಾಗಲೇ ಗೊತ್ತಿರುತ್ತದೆ, ತೊಡರುವುದಿಲ್ಲ.