ಸಹಾಯ ಬೇಕು: ನಾಟಕವೊಂದರ ಕೊನೆಯ ಮಾತಿನ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕಿರುರಂಗಮಂದಿರದಲ್ಲಿ ಈಚೆಗೆ ನಡೆದ ಚಿಕ್ಕ ನಾಟಕೋತ್ಸವದಲ್ಲಿ, ರೈಲು ತಪ್ಪಿದ ಇಬ್ಬರು ಅಪರಿಚಿತರು ಮಂಡ್ಯ ನಿಲ್ದಾಣದ ಒಂದೇ ಬೆಂಚಿನ ಮೇಲೆ ಕುಳಿತು ಮಾತಾಡುತ್ತ ತಾವು ಒಡಹುಟ್ಟಿದವರೆಂದು ಅರಿಯುವ ನಾಟಕವನ್ನು ನೋಡಿದೆ. ಪ್ರಾಚೀನ ಗ್ರೀಕ್ ನಾಟಕಕಾರ ಸೋಫೋಕ್ಲಿಸನ ದುರಂತ ನಾಟಕದ ನಾಯಕ ಈಡಿಪಸನು ಮೂರು ದಾರಿ ಕೂಡುವೆಡೆ ತಂದೆಗೆ ಎದುರಾದದ್ದು ಆಕಸ್ಮಿಕದಂತೆ ಕಂಡರೂ, ದೈವವಾಣಿ ಮೊದಲೇ ನುಡಿದಿದ್ದರಿಂದ ಅದನ್ನು ವಿಧಿಯೆಂದು ಒಪ್ಪಬಹುದು. ಈ ನಾಟಕದಲ್ಲಾದರೋ ಅಂತಹ ಮುನ್ಸೂಚನೆಯೇ ಕಾಣದು, ಆದರೂ ಅಕ್ಕ ಕೊನೆಯಲ್ಲಿ "ನೀನು ಬರುತ್ತೀಯೆಂದು ಗೊತ್ತಿತ್ತು" ಎನ್ನುತ್ತಾಳೆ. ಆ ಪಾತ್ರಧಾರಿಯ ಅಭಿನಯ ಬಹಳ ಚೆನ್ನಾಗಿತ್ತು, ಮಾತು ಮಾತ್ರ ಬಗೆಹರಿಯುತ್ತಿಲ್ಲ. ಕರಪತ್ರವನ್ನು ಮತ್ತೆ ಓದಿದೆ, ತಂಡದ ನಟರೊಬ್ಬರನ್ನೂ ವಿಚಾರಿಸಿದೆ. ಅರ್ಥವನ್ನು ಪ್ರೇಕ್ಷಕರೇ ಕಂಡುಕೊಳ್ಳಬೇಕೆಂದರು. ತಂಡದ ಒಪ್ಪಿಗೆ ಪಡೆದು ನಮ್ಮ ವಿದ್ಯಾರ್ಥಿಗಳಿಂದ ಇದನ್ನು ಆಡಿಸುವ ಆಸೆಯಿರುವುದರಿಂದ, ಆ ಮಾತನ್ನು ಯಾವ ದನಿಯಲ್ಲಿ ಹೇಳಿಸುವುದೆಂದು ನಿರ್ಧರಿಸಲೇಬೇಕಾಗಿದೆ. ನಾಟಕ ನೋಡಿದವರು ದಯವಿಟ್ಟು ತಿಳಿಸಿ: ಅಕ್ಕನಿಗೆ ತಮ್ಮನ ಗುರುತು ಮೊದಲೇ ಸಿಕ್ಕಿತ್ತೆಂಬ ಸುಳಿವು ಹಿಂದಿನ ಯಾವ ದೃಶ್ಯದಲ್ಲಾದರೂ ಇದೆಯೇ?