ಅಮ್ಮನ ಎರಡನೇ ಮಂಡಿ ಆಪರೇಷನ್: ಈ ಸಲವೂ ರಕ್ತ ಹಾಕಬೇಕಾಗುತ್ತಾ?

ಪ್ರಶ್ನೆ:
ಅಮ್ಮನಿಗೆ 67 ವರ್ಷ. ಐದು ವಾರ ಬಿಟ್ಟು ಬಲಮಂಡಿ ಬದಲಿಸುವ ಆಪರೇಷನ್ ಇದೆ. ಎರಡು ವರ್ಷದ ಹಿಂದೆ ಎಡಮಂಡಿ ಮಾಡಿಸಿದಾಗ ಮೂರನೇ ದಿನ ಎದ್ದು ನಿಲ್ಲೋಕೆ ಹೋಗಿ ತಲೆಸುತ್ತಿ ಕುಸಿದರು. ಹಿಮೋಗ್ಲೋಬಿನ್ 7.1ಕ್ಕೆ ಇಳಿದಿತ್ತು. ಎರಡು ಯೂನಿಟ್ ರಕ್ತ ಹಾಕಿದರು. ಎರಡನೆಯದು ಹೋಗುವಾಗ ಚಳಿಜ್ವರ ಬಂದು ರಾತ್ರಿಯೆಲ್ಲ ನಡುಗಿದರು. ನಾನು ಅವರ ಕೈ ಹಿಡಿದುಕೊಂಡೇ ಕೂತಿದ್ದೆ. ಅದನ್ನು ಮತ್ತೆ ನೋಡೋ ಶಕ್ತಿ ನನಗಿಲ್ಲ.

ಗಾಯದಿಂದ ಒಸರುವ ರಕ್ತ ಹಿಡಿಯೋಕೆ ಇಟ್ಟಿದ್ದ ಡ್ರೈನ್ ಬಾಟಲಿಯಲ್ಲಿ ರಕ್ತ ಸ್ವಲ್ಪವೇ ಇತ್ತು. ಉಳಿದದ್ದು ಎಲ್ಲಿ ಹೋಯ್ತು? ಈಗ ಹಿಮೋಗ್ಲೋಬಿನ್ 10.2. ನಾನು ಡಾಕ್ಟರ್ ಹತ್ತಿರ ಏನು ಕೇಳಬೇಕು?

ಉತ್ತರ 1:
ನಾನು ಅರಿವಳಿಕೆ ಡಾಕ್ಟರ್. ಬಾಟಲಿಯಲ್ಲಿ ಕಾಣೋದು ಒಂದು ಪಾಲು ಅಷ್ಟೇ. ಆಪರೇಷನ್ ವೇಳೆ ತೊಡೆಗೆ ಪಟ್ಟಿ ಬಿಗಿದು ರಕ್ತ ತಡೆದಿರುತ್ತಾರೆ. ಪಟ್ಟಿ ಸಡಿಲಿಸಿದ ಮೇಲೆ ಕೊಯ್ದ ಮೂಳೆಯಿಂದ ರಕ್ತ ಒಸರುತ್ತಾ ಕೀಲಿನೊಳಗೆ, ತೊಡೆಯ ಮಾಂಸದೊಳಗೆ ಸೇರಿಕೊಳ್ಳುತ್ತದೆ. ಕಾಲು ಊದಿ ನೀಲಿಗಟ್ಟುವುದು ಇದರಿಂದಲೇ. ಹಿಮೋಗ್ಲೋಬಿನ್ ಎರಡು ಮೂರು ದಿನ ಇಳಿಯುತ್ತಲೇ ಹೋಗಬಹುದು.

ಟ್ರಾನೆಕ್ಸಾಮಿಕ್ ಆಸಿಡ್ ಕೊಡ್ತೀರಾ ಅಂತ ಕೇಳಿ. ಕಟ್ಟಿದ ಹೆಪ್ಪು ಬೇಗ ಕರಗದಂತೆ ಅದು ತಡೆಯುತ್ತದೆ. ಸಾಮಾನ್ಯವಾಗಿ 1 ಗ್ರಾಂ ನರಕ್ಕೆ ಕೊಡುತ್ತೇವೆ, ಕೆಲವರು ಕೀಲಿನೊಳಗೂ ಹಾಕುತ್ತಾರೆ. ರಕ್ತ ಹಾಕುವ ಪ್ರಮೇಯ ಇದರಿಂದ ತುಂಬಾ ಕಡಿಮೆಯಾಗಿದೆ. ಅಮ್ಮನಿಗೆ ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ, ಫಿಟ್ಸ್ ಅಥವಾ ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ.

ಆದರೆ ನನಗೆ ಜಾಸ್ತಿ ಚಿಂತೆ ಆ 10.2ರದ್ದು. ಹೆಂಗಸರಿಗೆ 12ಕ್ಕಿಂತ ಕಡಿಮೆ ಅಂದರೆ ರಕ್ತಹೀನತೆ. ಅಷ್ಟರಲ್ಲೇ ಶುರುಮಾಡಿದರೆ ಮಾಮೂಲಿ ರಕ್ತಸ್ರಾವವೂ ಭಾರವಾಗುತ್ತದೆ. ಫೆರಿಟಿನ್ ನೋಡಿಸಿ, ಅದು ಮೈಯಲ್ಲಿ ಕಬ್ಬಿಣಾಂಶ ಎಷ್ಟು ಕೂಡಿಟ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆ. 30ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣಾಂಶದ ಕೊರತೆ ಖಚಿತ. ಇರೋದು ಐದೇ ವಾರ, ಮಾತ್ರೆ ನಿಧಾನ. ಡ್ರಿಪ್‌ನಲ್ಲಿ ಕಬ್ಬಿಣ ಕೊಡಬಹುದಾ ಕೇಳಿ. ಆಪರೇಷನ್ ಮುಂದೂಡಿದರೂ ಪರವಾಗಿಲ್ಲ. ಇದು ತುರ್ತು ಆಪರೇಷನ್ ಅಲ್ವಲ್ಲ.

ಕಳೆದ ಸಲದ ಚಳಿಜ್ವರ ಕೇಸ್ ಶೀಟಿನಲ್ಲಿ ಬರೆಸಿ. ಹೃದಯದ ತೊಂದರೆ ಇಲ್ಲದೆ ಆರಾಮಾಗಿರುವವರಿಗೆ ಈಗ ಸಾಮಾನ್ಯವಾಗಿ 8ಕ್ಕಿಂತ ಇಳಿದರೆ ಮಾತ್ರ ರಕ್ತ ಹಾಕುವ ಯೋಚನೆ ಮಾಡುತ್ತೇವೆ. ಅದೂ ಒಂದು ಯೂನಿಟ್ ಹಾಕಿ, ಮತ್ತೆ ಪರೀಕ್ಷಿಸಿ. ಒಂದು ಯೂನಿಟ್‌ಗೆ ಸುಮಾರು 1 ಗ್ರಾಂ ಏರುತ್ತದೆ.

ಉತ್ತರ 2:
ನನ್ನದು ಎರಡೂ ಮಂಡಿ ಆಗಿದೆ, ಬೇರೆ ಬೇರೆ ಸಲ. ಒಂದು ಮಾತು ಕೇಳ್ತೀನಿ. ಅಮ್ಮ ಮಂಡಿನೋವಿಗೆ ವರ್ಷಗಟ್ಟಲೆ ಮಾತ್ರೆ ನುಂಗಿದ್ದಾರಾ? ನಾನೂ ನುಂಗಿದ್ದೆ. ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಿ ಗೊತ್ತೇ ಆಗದಂತೆ ರಕ್ತ ಹೋಗ್ತಿತ್ತು. ಕಬ್ಬಿಣ ತುಂಬಿಸೋದು ಸರಿ, ಅದು ಎಲ್ಲಿ ಸೋರ್ತಿದೆ ಅಂತಲೂ ಹುಡುಕಿಸಿ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಥರ ರಕ್ತ ಹೆಪ್ಪುಗಟ್ಟದಂತೆ ತಡೆಯೋ ಮಾತ್ರೆ ತಗೊಳ್ತಿದ್ದರೆ ಸುಮ್ನೆ ನೀವೇ ನಿಲ್ಲಿಸಬೇಡಿ. ಹೃದಯದ ಡಾಕ್ಟರ್ ಹೇಳಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೈಮುಗಿದೆ. ಫೆರಿಟಿನ್ 9 ಬಂತು. ನೋವಿನ ಮಾತ್ರೆ ಆರು ವರ್ಷದಿಂದ ದಿನಾ ತಗೊಳ್ತಿದ್ದಾರೆ, ಈಗ ನಿಲ್ಲಿಸಿ ಬೇರೆ ಕೊಟ್ಟಿದ್ದಾರೆ. ಮಲಪರೀಕ್ಷೆಯಲ್ಲಿ ರಕ್ತದ ಅಂಶ ಸಿಕ್ಕಿದೆ. ಗುರುವಾರ ಎಂಡೋಸ್ಕೋಪಿ, ಆಮೇಲೆ ಕಬ್ಬಿಣದ ಡ್ರಿಪ್. ಆಪರೇಷನ್ ಮುಂದಕ್ಕೆ ಹೋಯ್ತು. ಅಮ್ಮನಿಗೆ ಬೇಜಾರು. ನೋವು ತಡ್ಕೊಳ್ತೀನಿ, ಆ ನಡುಕ ಮಾತ್ರ ಬೇಡ ಅಂದರು.