ವಿಂಡೋಸ್ 10ರಿಂದ 11ಕ್ಕೆ ಹೋಗಬೇಕು, ಹಾಕಿರುವ ಗೇಮ್‌ಗಳು ಹೋಗಬಾರದು. ದಾರಿ ಇದೆಯಾ?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಗೋಣಿಕೊಪ್ಪದಿಂದ ಆರು ಕಿಲೋಮೀಟರ್ ಒಳಗೆ, ತೋಟದ ನಡುವೆ. ಡೆಸ್ಕ್‌ಟಾಪ್ ರೈಝನ್ 5 3600, 16 ಜಿಬಿ ರ‍್ಯಾಮ್. ಸಿ ಡ್ರೈವ್ 240 ಜಿಬಿ ಎಸ್‌ಎಸ್‌ಡಿ, ಡಿ ಡ್ರೈವ್ 1 ಟಿಬಿ ಹಾರ್ಡ್ ಡಿಸ್ಕ್. ಗೇಮ್‌ಗಳೆಲ್ಲ ಡಿಯಲ್ಲಿವೆ. ಗೇಮ್ ಅಂಗಡಿ ಆ್ಯಪ್‌ಗಳಲ್ಲಿ ಸ್ಟೀಮ್‌ನವು ಜಾಸ್ತಿ, ಎಪಿಕ್‌ನವು ಮೂರು.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗಿಯಿತು ಅಲ್ವಾ, ಅದಕ್ಕೆ ಪುತ್ತರಿ ರಜೆಯಲ್ಲಿ 11 ಹಾಕಿಸೋಣ ಅಂತ ಪೇಟೆಯ ಒಂದು ಅಂಗಡಿಗೆ ಸಿಪಿಯು ಹೊತ್ತುಕೊಂಡು ಹೋದೆ. ಫಾರ್ಮ್ಯಾಟ್ ಮಾಡಲೇಬೇಕು, ಗೇಮ್ ಎಲ್ಲ ಹೋಗುತ್ತದೆ, ಮತ್ತೆ ಡೌನ್‌ಲೋಡ್ ಮಾಡ್ಕೊಳ್ಳಿ ಅಂದರು. ನಮ್ಮ ಕಡೆ ಫೈಬರ್ ಇನ್ನೂ ಬಂದಿಲ್ಲ. ಫೋನ್ ಹಾಟ್‌ಸ್ಪಾಟೇ ಗತಿ, ದಿನಕ್ಕೆ 2 ಜಿಬಿ, ಅದೂ ಮಹಡಿಯ ಕಿಟಕಿಯಲ್ಲಿ ಫೋನ್ ಇಟ್ಟರೆ ಮಾತ್ರ. ರೆಡ್ ಡೆಡ್ ರಿಡೆಂಪ್ಷನ್ 2 ಒಂದಕ್ಕೇ 150 ಜಿಬಿ ಜಾಗ ಬೇಕು. ಲೆಕ್ಕ ಹಾಕಿದರೆ ಎರಡೂವರೆ ತಿಂಗಳು ಆಯಿತು. ಈ ಗೇಮ್‌ಗಳನ್ನೆಲ್ಲ ಮೈಸೂರಿನ ದೊಡ್ಡಮ್ಮನ ಮನೆಗೆ ಹೋದಾಗಲೆಲ್ಲ ಸ್ವಲ್ಪ ಸ್ವಲ್ಪ ಇಳಿಸಿಕೊಂಡು ತಂದದ್ದು. ಅಂಗಡಿಯಲ್ಲಿ ಬೇಡ ಅಂದು ವಾಪಸ್ ತಂದೆ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಆ್ಯಪ್ ಹಾಕಿ ನೋಡಿದರೆ 11ಕ್ಕೆ ಬೇಕಾದ ಟಿಪಿಎಂ ಇಲ್ಲ, ಸೆಕ್ಯೂರ್ ಬೂಟ್ ಇಲ್ಲ ಅಂತ ತೋರಿಸುತ್ತಿದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಮಂಜಿನೂರು:

ವಾಪಸ್ ತಂದದ್ದು ಒಳ್ಳೆಯದಾಯಿತು. ಫಾರ್ಮ್ಯಾಟ್ ಬೇಕಾಗಿಲ್ಲ. 10ರ ಮೇಲೆ 11 ಕೂರಿಸಿದರೆ ಗೇಮ್, ಸಾಫ್ಟ್‌ವೇರ್, ಫೈಲ್ ಎಲ್ಲ ಇದ್ದ ಹಾಗೇ ಇರುತ್ತವೆ. ಮಡಿಕೇರಿಯಲ್ಲಿ ನನ್ನದೂ ತಂಗಿಯದೂ ಹೀಗೇ ಮಾಡಿದ್ದೇನೆ, ಒಂದು ಗೇಮೂ ಹೋಗಿಲ್ಲ.

ಟಿಪಿಎಂ ಅಂದರೆ ಭದ್ರತೆಯ ಕೀಲಿಗಳನ್ನು ಇಡುವ ಭಾಗ. ನಿಮ್ಮ ರೈಝನ್ 3600ರಲ್ಲಿ ಅದು ಇದೆ, ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ಸ್) ಆಫ್ ಆಗಿದೆ ಅಷ್ಟೇ. ಅಲ್ಲಿ ಎಎಂಡಿ ಎಫ್‌ಟಿಪಿಎಂ ಅಂತ ಇರುತ್ತದೆ, ಆನ್ ಮಾಡಿ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ್ದರೆ ಬಯೋಸ್ ಮುಟ್ಟುವ ಮೊದಲು ಅದರ ರಿಕವರಿ ಕೀ ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು ಸಸ್ಪೆಂಡ್ ಮಾಡಿ.

ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್‌ನಿಂದ ಮಾತ್ರ ಕಂಪ್ಯೂಟರ್ ಶುರುವಾಗಲು ಬಿಡುವ ವ್ಯವಸ್ಥೆ) ವಿಷಯದಲ್ಲಿ ಆತುರ ಬೇಡ. ಮೊದಲು ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಇರುವ ಡಿಸ್ಕ್‌ನ ಪ್ರಾಪರ್ಟೀಸ್‌ನಲ್ಲಿ ವಾಲ್ಯೂಮ್ಸ್ ನೋಡಿ. ಡಿಸ್ಕ್‌ನ ಭಾಗಗಳನ್ನು ಬರೆದಿಡುವ ಹಳೆಯ ಕ್ರಮ ಎಂಬಿಆರ್, ಹೊಸದು ಜಿಪಿಟಿ. ಎಂಬಿಆರ್ ಅಂತ ಇದ್ದರೆ ಜಿಪಿಟಿಗೆ ಬದಲಾಯಿಸಬೇಕು. ವಿಂಡೋಸ್‌ನಲ್ಲೇ ಎಂಬಿಆರ್2ಜಿಪಿಟಿ (mbr2gpt) ಅನ್ನುವ ಕಮಾಂಡ್ ಇದೆ, ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ವ್ಯಾಲಿಡೇಟ್ (/validate), ಅದು ಸರಿ ಅಂದರೆ ಕನ್ವರ್ಟ್ (/convert), ಎರಡು ಸಲವೂ ಜೊತೆಗೆ ಅಲೋಫುಲ್‌ಓಎಸ್ (/allowFullOS) ಸೇರಿಸಬೇಕು. ಡೇಟಾ ಅಳಿಯುವುದಿಲ್ಲ. ಆದರೂ ಮುಖ್ಯವಾದ ಫೋಟೋ, ಕಾಗದಪತ್ರ ಏನಿದ್ದರೂ ಪೆನ್‌ಡ್ರೈವ್‌ಗೆ ಹಾಕಿಕೊಂಡು ಮಾಡಿ. ಡಿ ಡಿಸ್ಕ್ ಎಂಬಿಆರ್ ಆಗಿದ್ದರೂ ಪರವಾಗಿಲ್ಲ, ಅದನ್ನು ಮುಟ್ಟಬೇಡಿ. ಕನ್ವರ್ಟ್ ಆದ ಮೇಲೇ ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆಯ ರೀತಿಯಲ್ಲಿ ಬೂಟ್ ಮಾಡಲು ಬಿಡುವ ಆಯ್ಕೆ) ಆಫ್ ಮಾಡಿ ಸೆಕ್ಯೂರ್ ಬೂಟ್ ಆನ್ ಮಾಡಬೇಕು. ಮೊದಲೇ ಆಫ್ ಮಾಡಿದರೆ ಕಂಪ್ಯೂಟರ್ ಬೂಟ್ ಆಗುವುದಿಲ್ಲ, ಗಾಬರಿಯಾಗುತ್ತದೆ.

ಇಷ್ಟಾದ ಮೇಲೆ ಮೈಕ್ರೋಸಾಫ್ಟ್ ಸೈಟಿನಿಂದ 11ರ ಐಎಸ್‌ಒ (ಇನ್‌ಸ್ಟಾಲ್ ಮಾಡಲು ಬೇಕಾದದ್ದೆಲ್ಲ ಇರುವ ಒಂದು ದೊಡ್ಡ ಫೈಲ್) ಇಳಿಸಿ. 5 ಜಿಬಿಗಿಂತ ಜಾಸ್ತಿ ಇದೆ, ಫೈಬರ್ ಇರುವ ಮನೆಯಲ್ಲಿ ಇಳಿಸಿಕೊಂಡು ಬನ್ನಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಡಿ, ಹಾಗೆ ಮಾಡಿದರೆ ಗೇಮ್ ಉಳಿಸಿಕೊಳ್ಳುವ ಆಯ್ಕೆಯೇ ಬರುವುದಿಲ್ಲ. ವಿಂಡೋಸ್ 10 ಓಡುತ್ತಿರುವಾಗಲೇ ಐಎಸ್‌ಒ ಮೇಲೆ ಡಬಲ್ ಕ್ಲಿಕ್ ಮಾಡಿ, ಒಳಗಿನ ಸೆಟಪ್ ಓಡಿಸಿ. ಕೊನೆಯಲ್ಲಿ ಕೀಪ್ ಪರ್ಸನಲ್ ಫೈಲ್ಸ್ ಅಂಡ್ ಆ್ಯಪ್ಸ್ ಅಂತ ಕಾಣಿಸಬೇಕು. ಕಾಣಿಸಿದರೆ ಮಾತ್ರ ಮುಂದೆ ಹೋಗಿ.

ತೋಟದಮನೆ:

ತುಂಬಾ ಥ್ಯಾಂಕ್ಸ್ ಅಣ್ಣ. ಎಂಬಿಆರ್ ಇತ್ತು, ಕನ್ವರ್ಟ್ ಆಯಿತು. ಟಿಪಿಎಂ, ಸೆಕ್ಯೂರ್ ಬೂಟ್ ಎರಡೂ ಈಗ ಓಕೆ. ಕುಶಾಲನಗರದ ಫ್ರೆಂಡ್ ಮನೆಯಲ್ಲಿ ಐಎಸ್‌ಒ ಇಳಿಸಿಕೊಂಡು ಬಂದೆ. ಆದರೆ ಸೆಟಪ್‌ನಲ್ಲಿ ಆ ಕೀಪ್ ಅನ್ನುವ ಸಾಲು ಮಸುಕಾಗಿದೆ, ಒತ್ತಲು ಆಗುತ್ತಿಲ್ಲ. ನಥಿಂಗ್ ಅನ್ನುವುದು ಮಾತ್ರ ಒತ್ತಬಹುದು. ಅಲ್ಲೇ ನಿಲ್ಲಿಸಿದ್ದೇನೆ.

ಮಂಜಿನೂರು:

ನಿಲ್ಲಿಸಿದ್ದು ಸರಿ. ಇದು ಭಾಷೆಯ ತೊಂದರೆ ಇರಬೇಕು. ಡೌನ್‌ಲೋಡ್ ಮಾಡುವಾಗ ಇಂಗ್ಲಿಷ್ ಎರಡು ಇರುತ್ತವೆ, ಒಂದು ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್, ಇನ್ನೊಂದು ಇಂಗ್ಲಿಷ್ ಇಂಟರ್‌ನ್ಯಾಷನಲ್. ನಾವು ಇಂಡಿಯಾದವರು ಅಂತ ಸುಮ್ನೆ ಇಂಟರ್‌ನ್ಯಾಷನಲ್ ಒತ್ತಿಬಿಡುತ್ತೇವೆ. ನಿಮ್ಮ 10 ಯಾವುದರಲ್ಲಿ ಹಾಕಿದ್ದೋ 11 ಕೂಡ ಅದೇ ಆಗಿರಬೇಕು, ಇಲ್ಲದಿದ್ದರೆ ಹೀಗೆ ಮಸುಕಾಗುತ್ತದೆ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಸ್ಮ್ ಕಮಾಂಡನ್ನು ಆನ್‌ಲೈನ್, ಗೆಟ್-ಇಂಟ್ಲ್ ಸೇರಿಸಿ ಕೊಡಿ (dism /online /get-intl). ಡೀಫಾಲ್ಟ್ ಸಿಸ್ಟಮ್ ಯುಐ ಲ್ಯಾಂಗ್ವೇಜ್ ಮುಂದೆ ಎನ್-ಯುಎಸ್ (en-US) ಇದ್ದರೆ ಯುನೈಟೆಡ್ ಸ್ಟೇಟ್ಸ್, ಎನ್-ಜಿಬಿ (en-GB) ಇದ್ದರೆ ಇಂಟರ್‌ನ್ಯಾಷನಲ್.

ಇನ್ನೊಂದು ಮಾತು. ಸಿಯಲ್ಲಿ 30 ಜಿಬಿಯಾದರೂ ಖಾಲಿ ಇಟ್ಟುಕೊಳ್ಳಿ. ಕರೆಂಟ್ ಬಗ್ಗೆಯೂ ಯೋಚನೆ ಮಾಡಿ. ಮರದ ಕೊಂಬೆ ಲೈನ್ ಮೇಲೆ ಬಿದ್ದರೆ ನಿಮ್ಮ ಕಡೆ ಎಷ್ಟು ಹೊತ್ತು ಬರುವುದಿಲ್ಲ ಅಂತ ನಿಮಗೇ ಗೊತ್ತು. ಚಿಕ್ಕ ಯುಪಿಎಸ್ ಹತ್ತು ಹದಿನೈದು ನಿಮಿಷ ತಡೆಯಬಹುದು, ಈ ಕೆಲಸಕ್ಕೆ ಅದು ಸಾಲದು. ಮನೆಯ ಇನ್ವರ್ಟರ್ ಲೈನ್‌ಗೆ ಹಾಕಿ ಶುರು ಮಾಡಿ.

ಸೋಮವಾರಪೇಟೆ ಹುಡುಗ:

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಕಳೆದ ವಾರವೇ ಸಿ ಫಾರ್ಮ್ಯಾಟ್ ಮಾಡಿ 11 ಹಾಕಿಬಿಟ್ಟೆ. ಡಿಯಲ್ಲಿ ಗೇಮ್ ಫೋಲ್ಡರ್‌ಗಳು ಹಾಗೇ ಇವೆ, ಆದರೆ ಸ್ಟೀಮ್ ಮತ್ತು ಎಪಿಕ್ ಎರಡೂ ಮತ್ತೆ ಇನ್‌ಸ್ಟಾಲ್ ಮಾಡು ಅನ್ನುತ್ತಿವೆ. ಎಲ್ಲ ಹೋಯಿತಾ?

ಮಂಜಿನೂರು:

ಹೋಗಿಲ್ಲ. ಸ್ಟೀಮ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್‌ಗೆ ಹೋಗಿ ಡಿ ಡ್ರೈವ್ ಸೇರಿಸಿ. ಸ್ಟೀಮ್‌ಆ್ಯಪ್ಸ್ ಫೋಲ್ಡರ್‌ನಲ್ಲಿ ಆ್ಯಪ್‌ಮ್ಯಾನಿಫೆಸ್ಟ್ ಅನ್ನುವ ಚಿಕ್ಕ ಫೈಲ್‌ಗಳು ಇದ್ದರೆ ಗೇಮ್‌ಗಳು ತಾನಾಗಿ ಬರುತ್ತವೆ. ಆ ಫೈಲ್ ಇಲ್ಲದ ಗೇಮ್‌ಗೆ ಅದೇ ಡ್ರೈವ್‌ಗೆ ಇನ್‌ಸ್ಟಾಲ್ ಕೊಡಿ, ಇರುವ ಫೈಲ್‌ಗಳನ್ನು ಗುರುತಿಸಿ ಬಾಕಿಯದನ್ನು ಮಾತ್ರ ಇಳಿಸುತ್ತದೆ.

ಎಪಿಕ್ ಸ್ವಲ್ಪ ಹಠಮಾರಿ. ಗೇಮ್ ಫೋಲ್ಡರ್‌ನ ಹೆಸರು ಬದಲಾಯಿಸಿ, ಅದೇ ಜಾಗಕ್ಕೆ ಇನ್‌ಸ್ಟಾಲ್ ಶುರು ಮಾಡಿ, ಎರಡು ಮೂರು ಪರ್ಸೆಂಟ್ ಆದಾಗ ನಿಲ್ಲಿಸಿ ಲಾಂಚರ್ ಪೂರ್ತಿ ಮುಚ್ಚಿ. ಹಳೆಯ ಫೋಲ್ಡರ್‌ನಲ್ಲಿರುವುದನ್ನೆಲ್ಲ ಹೊಸದರೊಳಗೆ ರಿಪ್ಲೇಸ್ ಅಂತ ಕೊಟ್ಟು ಕಾಪಿ ಮಾಡಿ, ಮತ್ತೆ ರೆಸ್ಯೂಮ್ ಕೊಡಿ. ಇರುವ ಫೈಲ್‌ಗಳನ್ನು ವೆರಿಫೈ ಮಾಡಿಕೊಂಡು ಮುಂದೆ ಹೋಗುತ್ತದೆ.

ನನಗೆ ಚಿಂತೆ ನಿಮ್ಮ ಸೇವ್‌ಗಳದ್ದು. ಎಷ್ಟೋ ಗೇಮ್‌ಗಳ ಸೇವ್ ಇರುವುದು ಸಿಯಲ್ಲಿ, ಡಾಕ್ಯುಮೆಂಟ್ಸ್, ಸೇವ್ಡ್ ಗೇಮ್ಸ್, ಆ್ಯಪ್‌ಡೇಟಾ ಫೋಲ್ಡರ್‌ಗಳ ಒಳಗೆ. ಕ್ಲೌಡ್ ಸೇವ್ ಇರುವ ಗೇಮ್‌ಗಳದ್ದು ವಾಪಸ್ ಬರುತ್ತದೆ. ಉಳಿದವಕ್ಕೆ ಹಳೆಯ ಬ್ಯಾಕಪ್ ಏನಾದರೂ ಇದೆಯಾ ಹುಡುಕಿ.

ತೋಟದಮನೆ:

ಅಣ್ಣ, ಎನ್-ಯುಎಸ್ ಅಂತ ಬಂತು. ನಾನು ತಂದದ್ದು ಇಂಟರ್‌ನ್ಯಾಷನಲ್. ಮತ್ತೆ ಕುಶಾಲನಗರಕ್ಕೆ ಹೋಗಿ ಯುನೈಟೆಡ್ ಸ್ಟೇಟ್ಸ್ ಐಎಸ್‌ಒ ತಂದೆ, ಕೀಪ್ ಸಾಲು ಒತ್ತಲು ಬಂತು. ನೀವು ಹೇಳಿದ ಸೇವ್ ಫೋಲ್ಡರ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಇನ್ವರ್ಟರ್ ಮೇಲೆ ರಾತ್ರಿ ಎಂಟಕ್ಕೆ ಶುರು ಮಾಡಿದ್ದು, ಒಂಬತ್ತೂವರೆಗೆ ಮುಗಿಯಿತು. ಸ್ಟೀಮ್ ತೆರೆದರೆ ಎಲ್ಲ ಗೇಮ್ ಇವೆ, ಎಪಿಕ್‌ನ ಮೂರೂ ಇವೆ. ರೆಡ್ ಡೆಡ್ ನಿಲ್ಲಿಸಿದ ಕಡೆಯಿಂದಲೇ ಶುರುವಾಯಿತು. ತುಂಬಾ ಖುಷಿಯಾಯಿತು. ಸಿಯಲ್ಲಿ ವಿಂಡೋಸ್ ಡಾಟ್ ಓಲ್ಡ್ ಅಂತ ದೊಡ್ಡ ಫೋಲ್ಡರ್ ಬಂದಿದೆ, ಅಳಿಸಲಾ?

ಮಂಜಿನೂರು:

ಈಗಲೇ ಬೇಡ. 10 ದಿನದ ಒಳಗೆ ಹಳೆಯ ವಿಂಡೋಸ್‌ಗೆ ವಾಪಸ್ ಹೋಗಬೇಕು ಅನ್ನಿಸಿದರೆ ಅದೇ ಬೇಕು. ಅಷ್ಟರಲ್ಲಿ ಎಲ್ಲ ಗೇಮ್ ಒಂದೊಂದು ಸಲ ತೆರೆದು ನೋಡಿ, ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ. ಆಮೇಲೆ ಅದು ತಾನಾಗಿಯೇ ಹೋಗುತ್ತದೆ.